ಹುಳಿನೀರು ಕೊಡದೆ ಕಳಿಸಿದ್ದು

ವಿಶಾಲು, ನಿನ್ನ ಕೈಗುಣದಲ್ಲಿ ಯಾವ ದೋಷವೂ ಇರಲಿಲ್ಲ. ಆ ಮಳೆಗಾಲದಲ್ಲಿ ನಿನ್ನ ಅಣಬೆ ಟೀ ಹುಳಿ ಬರದೇ ಹೋದದ್ದು ನನ್ನಿಂದ. ಬೇಕೆಂದೇ ಮಾಡಿದೆ. ಮರೆತು ಆಯಿತು ಎನ್ನಬಹುದಿತ್ತು — ಆದರೆ ನಾನು ಏನನ್ನೂ ಮರೆಯುವ ಹೆಂಗಸಲ್ಲ, ಅದು ನಿನಗೂ ಗೊತ್ತು.

ಈಗಿನವರು ಅದಕ್ಕೆ ಕೊಂಬುಚಾ ಅನ್ನುತ್ತಾರಂತೆ. ತೊಂಬತ್ತರ ದಶಕದಲ್ಲಿ ಮನೆಯಿಂದ ಮನೆಗೆ ದಾಟಿ ನಮ್ಮ ಕೊಟ್ಟಿಗೆಹಾರದ ಕಡೆಗೆ ಬಂದಾಗ ನಮಗದು ಅಣಬೆ ಟೀ. ಕಾಫಿ ಬೆಳೆಯುವವರ ಮನೆಯಲ್ಲಿ ಟೀಗೆ ಇಷ್ಟೊಂದು ಉಪಚಾರವಾ ಎಂದು ನಿನ್ನ ಭಾವ ನಗಾಡುತ್ತಿದ್ದರು. ಸಕ್ಕರೆ ಹಾಕಿ ಕುದಿಸಿದ ಟೀಯನ್ನು ಆರಲು ಬಿಟ್ಟು, ಗಾಜಿನ ಭರಣಿಗೆ ಸುರಿದು, ದಪ್ಪ ದೋಸೆಯಂಥ ಆ ಬಿಳಿ ಪದರವನ್ನು ಅದರಲ್ಲಿ ತೇಲಿಬಿಟ್ಟು ಬಾಯಿಗೆ ಬಟ್ಟೆ ಕಟ್ಟಿಟ್ಟರೆ ಕೆಲವೇ ದಿನಗಳಲ್ಲಿ ಹುಳಿಪಾನಕ. ನಮ್ಮ ಅತ್ತೆ ತಮ್ಮ ಹೊಟ್ಟೆಯುಬ್ಬರ ಅದರಿಂದಲೇ ಇಳಿಯಿತೆಂದು ಕಂಡಕಂಡವರಿಗೆಲ್ಲ ಹೇಳಿದರು. ಅಕ್ಕಪಕ್ಕದ ತೋಟದವರು ಪದರ ಕೇಳಿಕೊಂಡು ನನ್ನ ಅಡುಗೆಮನೆಗೇ ಬರತೊಡಗಿದರು. ದೊಡ್ಡ ಸೊಸೆಯ ಕೈಗುಣ ಅಂದರೆ ಕೈಗುಣ ಎಂಬ ಮಾತು ಹುಟ್ಟಿತು. ನನಗೆ ಆ ಮಾತು ಬಹಳ ಇಷ್ಟವಾಗಿತ್ತು.

ಆಮೇಲೆ ಮೈದುನನ ಕೈಹಿಡಿದು ನೀನು ಬಂದೆ. ಮೈದುನ ಪಾಲಾಗಿ ಕೆಳಗಿನ ಹೊಸ ಮನೆಗೆ ಹೋದ ಮೇಲೂ ನಿನ್ನ ಉಪ್ಪಿನಕಾಯಿ ಮಾತ್ರ ನನ್ನ ಮನೆ ಬಿಡಲಿಲ್ಲ. ನಿನ್ನ ಮಾವಿನಮಿಡಿ ವರ್ಷ ಕಳೆದರೂ ಕರುಂ ಅನ್ನುತ್ತಿತ್ತು, ನನ್ನದು ಎರಡೇ ತಿಂಗಳಿಗೆ ಮೆತ್ತಗೆ. ನಾನು ಬಡಿಸಿದ ಅನ್ನದ ಪಕ್ಕದಲ್ಲಿ ನಿನ್ನ ಮಿಡಿ ಹಾಕಿಸಿಕೊಂಡು ಅತ್ತೆ ಕಣ್ಣುಮುಚ್ಚಿ ಜಗಿಯುವಾಗ ನನ್ನ ಒಳಗೆ — ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕುವುದಿಲ್ಲ.

ನೀನು ಪದರ ಕೇಳಿದೆ. ಬೇರೆಯವರಿಗೆಲ್ಲ ಪದರದ ಜೊತೆ ನನ್ನ ಭರಣಿಯ ಒಂದು ಲೋಟ ಹಳೆಯ ಹುಳಿನೀರನ್ನೂ ಕೊಟ್ಟಿದ್ದೆ. ಹಾಲಿಗೆ ಹೆಪ್ಪು ಹೇಗೋ ಟೀಗೆ ಅದು ಹಾಗೆ. ನಿನಗೆ ಮಾತ್ರ ಪದರವನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ಒಣ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಇನ್ನೊಂದು — ಅದಕ್ಕೆ ಬಿಸುಪು ಬೇಕು. ನನ್ನ ಭರಣಿ ಬಚ್ಚಲ ಒಲೆಯ ಹಿಂದಿನ ಗೋಡೆಗೆ ಒರಗಿ ಕೂತಿರುತ್ತಿತ್ತು. ನಿನಗೆ, ಉಗ್ರಾಣದ ಕತ್ತಲಲ್ಲಿ ನೆಲದ ಮೇಲೆ ಇಡು ಎಂದೆ. ಆಷಾಢದಲ್ಲಿ, ಸಿಮೆಂಟು ನೆಲದ ಮೇಲೆ.

ವಾರಗಟ್ಟಲೆ ಕಾದು ನೀನು ಭರಣಿಯನ್ನೇ ಎತ್ತಿಕೊಂಡು ಮೇಲೆ ಬಂದೆ. "ಅಕ್ಕಾ, ಹುಳಿನೇ ಬರ್ತಿಲ್ಲ. ಹಾಕಿದ ದಿನ ಹೆಂಗಿತ್ತೋ ಹಂಗೇ ಸಿಹಿ ಇದೆ. ಎಲ್ಲಿ ತಪ್ಪಿದೆ, ಒಂಚೂರು ನೋಡಿ." ನಾನು ಡಾಕ್ಟರಂತೆ ಕೂತು ವಿಚಾರಿಸಿದೆ. ಸಕ್ಕರೆ ಎಷ್ಟು? ಟೀ ಪೂರ್ತಿ ಆರಿತ್ತಾ? ಬಟ್ಟೆ ತೆಳುವಾದದ್ದಾ? ಭರಣಿಯಲ್ಲಿ ಎಣ್ಣೆಯ ಪಸೆ ಇತ್ತಾ? ನೀನು ಒಂದೊಂದಕ್ಕೂ ಸರಿಯಾದ ಉತ್ತರ ಕೊಟ್ಟೆ. ಕೇಳಬೇಕಾದ ಎರಡನ್ನು ಮಾತ್ರ ನಾನು ಕೇಳಲಿಲ್ಲ — ಹುಳಿನೀರು ಎಲ್ಲಿ, ಭರಣಿ ಎಲ್ಲಿಟ್ಟಿದ್ದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅವರಿಗೂ ಕೇಳಿಸುವಂತೆ ಅಂದೆ:

"ನೀನು ಎಲ್ಲಾ ಸರಿಯಾಗೇ ಮಾಡಿದೀಯ ಮಾರಾಯ್ತಿ. ಇದಕ್ಕೆಲ್ಲ ಕೈಗುಣ ಬೇಕಾಗತ್ತೆ."

ಅಷ್ಟೇ. ನೀನು ಭರಣಿ ಎತ್ತಿಕೊಂಡು ಇಳಿದು ಹೋದೆ. ಹಿಂದೆಯೇ ಕೂಗಿ ಕರೆದು ಒಂದು ಲೋಟ ಹುಳಿನೀರು ಕೊಟ್ಟಿದ್ದರೆ ಮುಗಿಯುತ್ತಿತ್ತು — ನಾನು ಒಲೆಯ ಮೇಲಿನ ಸಾರು ನೋಡಲು ಎದ್ದೆ.

ಆ ವರ್ಷದ ಮೊದಲ ಕಾಫಿ ಹಣ್ಣು ಕೊಯ್ಯುವ ದಿನ, ಬುಟ್ಟಿಗೆ ಮೊದಲ ಹಿಡಿ ಹಾಕು ಎಂದು ಮೈದುನ ಕರೆದರೆ ನೀನು ಹಿಂದೆ ಸರಿದೆ. "ನಿಮ್ಮ ಕೈಯಲ್ಲೇ ಆಗ್ಲಿ ಅಕ್ಕಾ. ನಂದು ಬೇಡ" ಎಂದೆ. ನಾನು ಹಾಕಿದೆ. ನೀನು ಅವರೆ ಬೀಜ ಬಿತ್ತುವುದನ್ನೂ ಬಿಟ್ಟೆ. ಮುಂದಿನ ಬೇಸಿಗೆಯಲ್ಲಿ ನಿನ್ನ ಮನೆಯಲ್ಲಿ ಮಿಡಿಗೆ ಉಪ್ಪು ಹಾಕಲಿಲ್ಲ. ಅತ್ತೆ ನನ್ನ ಮೆತ್ತಗಿನ ಮಿಡಿಯನ್ನೇ ತಿಂದುಕೊಂಡಿದ್ದರು. ನಾನು ಗೆದ್ದಿದ್ದೆ ನೋಡು. ಆಗ ಖುಷಿಯೂ ಆಗಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲಾಮೇಲೆ ನಿನ್ನನ್ನು ನೋಡಿದಾಗ ಏನೋ ಚುಚ್ಚುತ್ತಿತ್ತು, ಇಷ್ಟು ಸಣ್ಣ ವಿಷಯ ಅವಳಿಗೆ ಮರೆತೇ ಹೋಗಿರುತ್ತದೆ ಅಂದುಕೊಂಡು ವರ್ಷಗಳನ್ನೇ ತಳ್ಳಿದೆ.

ಇವತ್ತು ಸಂಜೆ ನಿನ್ನ ಮಗಳು ಅನಿತಾ ಬಟ್ಟಲು ಹಿಡಿದುಕೊಂಡು ಹೆಪ್ಪು ಕೇಳಲು ಬಂದಳು. ಅಮ್ಮ ಮೊಸರು ಮುಗಿಸಿಬಿಟ್ಟಳಾ ಎಂದು ನಗಾಡಿದೆ.

"ಅಮ್ಮ ಹೆಪ್ಪು ಹಾಕಲ್ಲ ದೊಡ್ಡಮ್ಮಾ, ನಾನೇ ಹಾಕೋದು. ಅಮ್ಮನ ಕೈಗುಣ ಸರಿ ಇಲ್ವಲ್ಲ." ನಮ್ಮ ಅಮ್ಮ ಕನ್ನಡಕ ಹಾಕುತ್ತಾಳೆ ಎಂದು ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಆಮೇಲೆ ದನಿ ತಗ್ಗಿಸಿ, "ಎರಡು ದಿನದಿಂದ ನಾನು ಹಾಕಿದ್ದೂ ಗಟ್ಟಿ ಆಗ್ತಿಲ್ಲ. ನಂಗೂ ಅಮ್ಮಂದೇ ಬಂದಿದೆಯಾ?" ಎಂದು ಕೇಳಿದಳು.

ಈ ಚಳಿಗೆ ಯಾರು ಹಾಕಿದರೂ ಗಟ್ಟಿಯಾಗುವುದಿಲ್ಲ, ಪಾತ್ರೆಯನ್ನು ಒಲೆಯ ಪಕ್ಕ ಇಡು — ಇಷ್ಟೇ ಇಷ್ಟು ಹೇಳುವುದಕ್ಕೂ ನನಗೆ ಬಾಯಿ ಬರಲಿಲ್ಲ. ಎಲ್ಲರಿಗೂ ಬುದ್ಧಿ ಹೇಳುವ ಬಾಯಿ! ಹೆಪ್ಪು ಕೊಟ್ಟು ಕಳಿಸಿದೆ. ಅವಳು ಇಳಿಜಾರಿನಲ್ಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲೀತೆಂದು ಹೆದರಿ ಹೆದರಿ ನಡೆಯುವುದನ್ನು ನೋಡುತ್ತಾ ನಿಂತೆ. ಒಂದು ಮಾತಿನಿಂದ ನಿನ್ನ ಕೈ ಕಿತ್ತುಕೊಂಡಿದ್ದೆ ವಿಶಾಲು. ಈಗ ಆ ಮಗುವಿನ ಕೈಯನ್ನೂ —

ನಾಳೆ ಬೆಳಿಗ್ಗೆ ಕೆಳಗೆ ಬರುತ್ತೇನೆ. ಅನಿತಾ ಶಾಲೆಗೆ ಹೊರಡುವ ಮೊದಲೇ ಬರುತ್ತೇನೆ, ಅವಳ ಎದುರಿಗೇ ಹೇಳಬೇಕು. ಅತ್ತೆಯನ್ನೂ ಕೈಹಿಡಿದು ಕರೆತರುತ್ತೇನೆ. ನನ್ನ ಕೈಗುಣ ಎಂದು ಊರೆಲ್ಲ ಹೊಗಳಿದ್ದು ಬರೀ ಬಚ್ಚಲ ಒಲೆಯ ಬಿಸುಪು ಎಂದೂ ಹೇಳುತ್ತೇನೆ. ಇನ್ನು ಯಾರೂ ಮೊದಲ ಹಿಡಿಗೆ ನನ್ನನ್ನು ಕರೆಯದಿದ್ದರೆ ಅದು ನ್ಯಾಯವೇ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ನೀನು ಬಾಗಿಲು ಹಾಕಿಕೊಂಡರೆ ಅಂಗಳದಲ್ಲೇ ನಿಂತು ಹೇಳುತ್ತೇನೆ. ಅತ್ತೆಗೆ ಈಗ ಕಿವಿ ಮಂದ, ಕೂಗಿಯೇ ಹೇಳಬೇಕಾಗುತ್ತದೆ. ತೋಟದ ಆಳುಗಳಿಗೆಲ್ಲ ಕೇಳಿಸುತ್ತದೆ. ಕೇಳಿಸಲಿ.