ಸಮುದ್ರದ ರೈಲೋ, ಬೆಟ್ಟದ ಬಸ್ಸೋ

ನನ್ನ ಮೊಮ್ಮಗಳು ಹಡಗಿನಲ್ಲಿ ಬ್ರೆಡ್ಡು ಬೇಯಿಸುತ್ತಾಳೆ. ಈ ಮಾತನ್ನು ಗರುಡಾಚಾರ್‌ಪಾಳ್ಯದ ಟೀ ಅಂಗಡಿಯಲ್ಲಿ, ರೇಷನ್ ಸಾಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಬರೆಯಲು ಕೂತರೂ ಮೊದಲು ಅದೇ ಬಂತು. ಬರಲಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ರೈಲ್ವೆ ಗ್ಯಾಂಗಿಗೆ ಸೇರಿದವನ ಮೊಮ್ಮಗಳು ಸಮುದ್ರದ ನಡುವೆ, ಊರಷ್ಟು ದೊಡ್ಡ ಹಡಗಿನ ಅಡುಗೆಮನೆಯಲ್ಲಿ ಬಿಳಿ ಟೋಪಿ ಹಾಕಿಕೊಂಡು ನಿಂತಿದ್ದಾಳೆ. ನನಗೆ ಬಾಯಿ ಮುಚ್ಚಿಕೊಂಡಿರಲು ಹೇಗೆ ಆಗುತ್ತದೆ?

ಕಂಟೋನ್ಮೆಂಟಿನಿಂದ ಕೆ.ಆರ್. ಪುರದವರೆಗಿನ ಹಳಿ ನಮ್ಮ ಗ್ಯಾಂಗು ನೋಡಿಕೊಳ್ಳಬೇಕಾದ ಸೆಕ್ಷನ್. ಅದರ ಮೇಲೆ ನನ್ನ ಆಯುಸ್ಸಿನ ಹೆಚ್ಚಿನ ಭಾಗ ಕಳೆಯಿತು. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಬಾವುಟ. ಬೆಳಿಗ್ಗೆ ನಡೆಯುತ್ತಾ ಹೋಗುವುದು, ಹಳಿಯನ್ನು ಹಿಡಿದಿಡುವ ಕೀಲಿಗಳು ಸಡಿಲವಾಗಿದ್ದರೆ ಬಡಿದು ಬಿಗಿ ಮಾಡುವುದು. ರೈಲು ಬಂದರೆ ಪಕ್ಕಕ್ಕೆ ಸರಿದು ಅದರ ಕಡೆಗೇ ಮುಖ ಮಾಡಿ ನಿಲ್ಲಬೇಕು. ಕಿಟಕಿಗಳನ್ನಲ್ಲ, ಚಕ್ರಗಳನ್ನು ನೋಡಬೇಕು. ಏನಾದರೂ ಜೋತಾಡುತ್ತಿದೆಯೇ, ಎಲ್ಲಾದರೂ ಹೊಗೆ ಬರುತ್ತಿದೆಯೇ ಎಂದು. "ಅಷ್ಟು ರೈಲು ನೋಡಿದೀರ, ಒಂದು ಮನುಷ್ಯನ ಮುಖ ನೋಡಿದೀರಾ?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಇಲ್ಲ, ನೋಡಿರಲಿಲ್ಲ.

ಒಂದು ಭಾನುವಾರ ಮೊಮ್ಮಗಳು ಫೋನಿನಲ್ಲಿ ಮುಖ ತೋರಿಸಿದಳು.

"ತಾತಾ, ಅಜ್ಜೀನೂ ಕರಿ. ಇಬ್ರೂ ಕೂತ್ಕೊಳ್ಳಿ. ಬಿದ್ದ್‌ಗಿದ್ದೀರಾ."

"ಏನಾಯ್ತೇ?"

"ಕೆಲಸ ಮಾಡೋರ ಮನೆಯವ್ರನ್ನ ಒಂದ್ಸಲ ಕರ್ಕೊಂಡು ಬರ್ಬಹುದಂತೆ. ನಿಮ್ಮಿಬ್ರ ಹೆಸರು ಕೊಟ್ಬಿಟ್ಟೆ. ಕೊಚ್ಚೀಲಿ ಹತ್ತೋದು, ಶ್ರೀಲಂಕಾ ನೋಡ್ಕೊಂಡು ವಾಪಸ್ ಬರೋದು."

ನನ್ನ ಹೆಂಡತಿ ಫೋನನ್ನು ಕಿತ್ತುಕೊಂಡು ಕೇಳಿದ ಮೊದಲ ಪ್ರಶ್ನೆ, "ಹಡಗಲ್ಲಿ ಕಕ್ಕಸ್ಸು ಇರತ್ತೇನೇ?"

ಆ ಹುಡುಗಿ ನಕ್ಕ ನಗುವಿಗೆ ಫೋನು ಅಲುಗಾಡಿತು. ನಮ್ಮ ಮಗಳು, ಅಂದರೆ ಅವಳ ತಾಯಿ, ಒಲೆ ಆರಿಸಿ ಓಡಿ ಬಂದಳು. ಆ ದಿನ ನಾವು ನಾಲ್ವರೂ ಸುಮ್ಮಸುಮ್ಮನೆ ನಕ್ಕೆವು.

ಆಮೇಲೆ ಒಂದು ಕಾಗದ ಫೋನಿಗೆ ಬಂತು. ಮಗಳು ಅದನ್ನು ಓದಿ ಬಿಡಿಸಿ ಹೇಳಿದಳು. ಹಡಗು ಶ್ರೀಲಂಕಾದಲ್ಲಿ ಒಂದೇ ಹಗಲು ನಿಲ್ಲುತ್ತದೆ. ಆ ಹಗಲಿನಲ್ಲಿ ಎರಡು ಸುತ್ತಾಟಗಳಿವೆ, ಒಂದನ್ನು ಆರಿಸಿಕೊಳ್ಳಬೇಕು. ಒಂದು, ಸಮುದ್ರದ ದಂಡೆಯಲ್ಲೇ ಓಡುವ ರೈಲು. ಅಲೆ ಹಳಿಯ ಹತ್ತಿರದವರೆಗೂ ಬರುತ್ತದಂತೆ. ಇನ್ನೊಂದು, ಬಸ್ಸಿನಲ್ಲಿ ಬೆಟ್ಟದ ಮೇಲಿನ ಹಳೆಯ ವಿಹಾರಕ್ಕೆ. ಅಲ್ಲಿ ಬೋಧಿ ಮರ ಇದೆ. ರೈಲು ಮಧ್ಯಾಹ್ನಕ್ಕೆ ವಾಪಸ್ಸು ಬರುತ್ತದೆ. ಬಸ್ಸು ಬರುವುದು ಸಂಜೆಗೆ.

"ರೈಲಾದ್ರೆ ನಾನೂ ಬರ್ತೀನಿ ತಾತಾ," ಎಂದಳು ಮೊಮ್ಮಗಳು. "ಅರ್ಧ ದಿನ ರಜ ಕೇಳ್ತೀನಿ. ಬಸ್ಸಾದ್ರೆ ನನ್ಕೈಲಿ ಆಗಲ್ಲ. ಮಧ್ಯಾಹ್ನ ಮೂರಕ್ಕೆ ಓವನ್ ಮುಂದೆ ನಿಂತಿರ್ಬೇಕು. ನೀವಿಬ್ರೇ ಹೋಗ್ಬರ್ಬೇಕು."

ನನ್ನ ಹೆಂಡತಿ ಯೋಚನೆಯನ್ನೇ ಮಾಡಲಿಲ್ಲ. "ಬಸ್ಸು," ಎಂದಳು.

ನಮ್ಮದು ಬುದ್ಧನನ್ನು ನಂಬಿದ ಮನೆ. ನಮ್ಮ ಅಣ್ಣನ ಕಾಲದಲ್ಲಿ ಕೇರಿಯ ಕೆಲವು ಮನೆಗಳು ಒಟ್ಟಿಗೆ ದೀಕ್ಷೆ ತೆಗೆದುಕೊಂಡವು. ನಾನು ಅಣ್ಣ ಹೇಳಿದ್ದಕ್ಕೆ ತಲೆಬಾಗಿದವನು. ಆದರೆ ಅವಳು ಮನಸ್ಸಿನಿಂದ ಹೋದವಳು. ಪ್ರತಿ ಹುಣ್ಣಿಮೆಗೆ ಬಿಳಿ ಸೀರೆ ಉಟ್ಟು, ಎರಡು ಬಸ್ಸು ಬದಲಿಸಿ ವಿಹಾರಕ್ಕೆ ಹೋಗಿ ಬರುತ್ತಿದ್ದಳು. ಬುದ್ಧ ಕೂತಿದ್ದ ಮರದ ಕೊಂಬೆಯನ್ನು ಸಿಂಹಳಕ್ಕೆ ಒಯ್ದು ನೆಟ್ಟರು, ಅದರ ಮಕ್ಕಳು ಮರಿಮಕ್ಕಳಾದ ಮರಗಳು ಆ ದೇಶದ ತುಂಬಾ ಇವೆ ಎಂದು ಅಲ್ಲಿನ ಭಿಕ್ಷು, ನಮ್ಮ ಭಂತೇಜಿ, ಒಂದು ಸಲ ಹೇಳಿದ್ದರು. ಅಂದಿನಿಂದ ಅವಳಿಗೆ ಆ ಮರಗಳು ನೆಂಟರ ಹಾಗೆ.

"ಮಗು ಜೊತೇಲಿ ಇರ್ತಾಳೆ, ರೈಲಿಗೇ ಹೋಗೋಣ ಕಣೇ," ಎಂದೆ.

"ನಿಮ್ಮ ಜೊತೆ ರೈಲಾ?" ಅವಳು ಸೊಂಟದ ಮೇಲೆ ಕೈಯಿಟ್ಟಳು. "ಒಂದ್ಸಲ ಹೋಗಿದ್ದು ಸಾಲ್ದಾ? ನೀವು ನಡುವೆ ಇಳಿದ್‌ಬಿಡ್ತೀರ, ನಾನು ಶ್ರೀಲಂಕಾದಲ್ಲಿ ಯಾರನ್ನ ಹುಡುಕ್ಲಿ?"

ಆ ಕಥೆ ಹೇಳಬೇಕು. ನಾವಿಬ್ಬರೂ ಒಟ್ಟಿಗೆ ರೈಲಿನಲ್ಲಿ ಹೋದದ್ದು ಆಯುಸ್ಸಿನಲ್ಲಿ ಒಂದೇ ಸಲ. ಬಂಗಾರಪೇಟೆಯಲ್ಲಿ ಅವಳ ಅಕ್ಕನ ಮನೆಯಲ್ಲಿ ನಾಮಕರಣ. ಮಗಳಿನ್ನೂ ಕೈಗೂಸು. ಕಿಟಕಿಯ ಪಕ್ಕ ಹೆಂಡತಿಯನ್ನು ಕೂರಿಸಿ ನಾನು ಬಾಗಿಲ ಹತ್ತಿರ ನಿಂತೆ. ಗ್ಯಾಂಗಿನವರಿಗೆ ರೈಲಿನಲ್ಲಿ ಕೂರುವುದಕ್ಕೆ ಬರುವುದಿಲ್ಲ. ಅಂಗಾಲಿನಲ್ಲಿ ಹಳಿ ಮಾತಾಡುತ್ತಿರುತ್ತದೆ. ಕೆ.ಆರ್. ಪುರ ದಾಟಿ ಬಹಳ ದೂರ ಹೋದ ಮೇಲೆ ಒಂದು ಕಡೆ ಗಾಡಿ ಎತ್ತಿ ಹಾಕಿದ ಹಾಗಾಯಿತು. ಹಳಿಯ ಕೆಳಗಿನ ಜಲ್ಲಿ ಕೂತುಹೋಗಿರಬೇಕು ಎನಿಸಿತು. ನಾನು ಚಡಪಡಿಸುವುದನ್ನು ನೋಡಿ ಅವಳು, "ಸುಮ್ನೆ ಕೂತ್ಕೊಳ್ಳಿ. ಇದು ನಿಮ್ಮ ಸೆಕ್ಷನ್ ಅಲ್ಲ," ಎಂದಳು. ನಾನು ಕೇಳಲಿಲ್ಲ. ಮುಂದಿನ ನಿಲ್ದಾಣದಲ್ಲಿ ಹಾರಿ ಇಳಿದು ಸ್ಟೇಷನ್ ಮಾಸ್ತರರ ಕೋಣೆಗೆ ಓಡಿದೆ. ಅವರು, "ಗೊತ್ತಯ್ಯಾ, ಅಲ್ಲಿ ಕೆಲಸಕ್ಕೆ ಆಗಲೇ ಜನ ಹೋಗಿದ್ದಾರೆ," ಎಂದು ತಲೆ ಎತ್ತುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಹೆಂಡತಿ, ಮಗು, ಅಕ್ಕನಿಗೆಂದು ಕಟ್ಟಿಕೊಂಡಿದ್ದ ಚಕ್ಕುಲಿ ಎಲ್ಲಾ ಅದರೊಳಗೆ. ರೈಲ್ವೆ ಪಾಸು ನನ್ನ ಜೇಬಿನಲ್ಲಿ.

ಬಂಗಾರಪೇಟೆಯಲ್ಲಿ ಟಿಕೆಟ್ ಕೇಳಿದವರಿಗೆ ಅವಳು, "ನನ್ನ ಗಂಡ ಹಳಿ ಸರಿಯಿಲ್ಲ ಅಂತ ಇಳಿದ್ರು," ಎಂದಳಂತೆ. ಅವರು ನಕ್ಕು ಬೆಂಚಿನ ಮೇಲೆ ಕೂರಿಸಿದರಂತೆ. ನಾನು ಮುಂದಿನ ಗಾಡಿಯಲ್ಲಿ ಹೋಗಿ ಇಳಿದಾಗ ಅವಳು ಮಗುವಿಗೆ ಚಕ್ಕುಲಿ ಚೀಪಿಸುತ್ತಾ ಕೂತಿದ್ದಳು. ಬೈಯಲಿಲ್ಲ. ಬೈಗಳನ್ನೆಲ್ಲ ಉಳಿಸಿಟ್ಟುಕೊಂಡು ಆಮೇಲೆ ಜೀವಮಾನವಿಡೀ ಸ್ವಲ್ಪ ಸ್ವಲ್ಪ ಬೈದಳು. ಮಗಳು ಆ ಕಥೆ ಕೇಳಿ ಬೆಳೆದಳು, ಮೊಮ್ಮಗಳೂ ಕೇಳಿ ಬೆಳೆದಳು.

ಹೀಗಾಗಿ ಬಸ್ಸು ಗೆದ್ದಿತು. ಮಗಳು ಬಸ್ಸು ಎಂದು ಬರೆದು ಕಳಿಸಿದಳು. ಮೊಮ್ಮಗಳು, "ಅಜ್ಜಿ ಹೇಳಿದ ಮೇಲೆ ಮುಗೀತು," ಎಂದಳು, ಆದರೆ ಮುಖ ಸ್ವಲ್ಪ ಸಣ್ಣದಾದದ್ದನ್ನು ನಾನು ನೋಡಿದೆ.

ನನ್ನ ಹೆಂಡತಿ ಶಿವಾಜಿನಗರಕ್ಕೆ ಹೋಗಿ ಹೊಸ ಬಿಳಿ ಸೀರೆ ತಂದಳು. ಅಂಗಡಿಯವನಿಗೆ ತಮಿಳಿನಲ್ಲಿ, ಪಕ್ಕದಲ್ಲಿ ನಿಂತಿದ್ದ ಸಾಬರ ಹೆಂಗಸಿಗೆ ಉರ್ದುವಿನಲ್ಲಿ, ತಾನು ಸಿಂಹಳಕ್ಕೆ ಹೋಗುತ್ತಿರುವುದಾಗಿ ಹೇಳಿದಳು. ನಾನು ಚೀಲ ಹಿಡಿದುಕೊಂಡು ನಿಂತಿದ್ದೆ. ಪಾಸ್‌ಪೋರ್ಟ್ ಕಚೇರಿಯಲ್ಲಿ ಫೋಟೋ ತೆಗೆಯುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. "ನಗಬಾರ್ದು ಅಮ್ಮಾ," ಎಂದು ಫೋಟೋ ತೆಗೆಯುವ ಹುಡುಗಿ ಹೇಳಿದಷ್ಟೂ ಇವಳಿಗೆ ನಗು. ಕೊನೆಗೆ ತುಟಿ ಕಚ್ಚಿಕೊಂಡಳು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಒಂದು ಬೆಳಿಗ್ಗೆ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದವಳು ಎದೆ ಹಿಡಿದುಕೊಂಡಳು. ಆಟೋ ಹಳೇ ಮದರಾಸು ರಸ್ತೆಯಲ್ಲಿ ಇಂದಿರಾನಗರದ ಆಸ್ಪತ್ರೆಯ ಕಡೆಗೆ ಓಡುತ್ತಿತ್ತು. ನನ್ನ ಬೆರಳನ್ನು ಬಿಗಿಯಾಗಿ ಹಿಡಿದಿದ್ದಳು. ಯಾವ ಸಿಗ್ನಲ್ಲಿನ ಹತ್ತಿರ ಹಿಡಿತ ಸಡಿಲವಾಯಿತೋ ನನಗೆ ಗೊತ್ತಾಗಲಿಲ್ಲ. ಅಷ್ಟು ವರ್ಷ ಸಡಿಲವಾದದ್ದನ್ನು ಹುಡುಕುವುದೇ ನನ್ನ ಕೆಲಸವಾಗಿತ್ತು. ಅವತ್ತು ಗೊತ್ತಾಗಲಿಲ್ಲ.

ಮೊಮ್ಮಗಳ ಹಡಗು ಆಗ ಎಲ್ಲೋ ದೂರದ ಸಮುದ್ರದಲ್ಲಿತ್ತು. ಬರಲಾಗಲಿಲ್ಲ. ಮಗಳು ಫೋನು ಹಿಡಿದು ಅಜ್ಜಿಯ ಮುಖ ತೋರಿಸಿದಳು. ಆ ಕಡೆ ಬಿಳಿ ಟೋಪಿ ಮಾತ್ರ ಕಾಣುತ್ತಿತ್ತು, ತಲೆ ಬಗ್ಗಿಸಿಬಿಟ್ಟಿದ್ದಳು. ಹಿಂದಿನಿಂದ ಯಾರೋ ಕೆಲಸಕ್ಕೆ ಕರೆದರು. ಕಣ್ಣೊರೆಸಿಕೊಂಡು ಹೋದಳು.

ಕಾರ್ಯ ಮುಗಿದ ಮೇಲೆ ಒಂದು ದಿನ ಅಂಚೆಯವನು ಬಂದ.

"ಅಮ್ಮಾವ್ರನ್ನ ಕರೀರಿ. ಪಾಸ್‌ಪೋರ್ಟು, ಅವ್ರ ಕೈಗೇ ಕೊಡ್ಬೇಕು."

ನಾನು ಒಳಗಿನ ಗೋಡೆ ತೋರಿಸಿದೆ. ಅಲ್ಲಿ ಹಳೆಯ ಫೋಟೋಗೆ ಹೂವು ಹಾಕಿತ್ತು. ಅವನು ಟೋಪಿ ತೆಗೆದ. ಒಳಗಿರುವ ಮುಖ ಒಂದು ಸಲ ನೋಡಲು ಬಿಡಪ್ಪಾ ಎಂದು ಕೇಳಿಕೊಂಡೆ. ಬಿಚ್ಚುವ ಹಾಗಿಲ್ಲ, ವಾಪಸ್ಸು ಕಳಿಸಬೇಕು ಎಂದ, ಬಹಳ ಮೆಲ್ಲಗೆ. ಹಾಗೆ ಆ ಲಕೋಟೆ ತುಟಿ ಕಚ್ಚಿಕೊಂಡ ಅವಳ ಮುಖದ ಸಮೇತ ನಮ್ಮ ಬಾಗಿಲಿನಿಂದ ಹೊರಟುಹೋಯಿತು.

ನಾನು ಹಡಗು ಬೇಡ ಎಂದೆ. ಮಗಳು ಬಿಡಲಿಲ್ಲ. ಮೊಮ್ಮಗಳು ಫೋನು ಮಾಡಿದಳು.

"ತಾತಾ, ನೀನಾದ್ರೂ ಬಾ. ಬಸ್ಸಿಗೆ ಕೊಟ್ಟ ಹೆಸರು ಹಾಗೇ ಇದೆ. ಬೇಕಂದ್ರೆ ರೈಲಿಗೆ ಬದ್ಲಾಯಿಸ್ಬಹುದು, ಬರೋ ಸೋಮವಾರದೊಳಗೆ ಹೇಳ್ಬೇಕು. ನೀನು ಅಜ್ಜಿಗೋಸ್ಕರ ವಿಹಾರಕ್ಕೇ ಹೋಗ್ತೀಯ ಅಂದ್ರೆ ನಂಗೇನೂ ಬೇಜಾರಿಲ್ಲ. ನಿಜವಾಗ್ಲೂ ಬೇಜಾರಿಲ್ಲ."

ಬೇಜಾರಿಲ್ಲ ಎಂದು ಎರಡು ಸಲ ಹೇಳಿದರೆ ಏನರ್ಥ ಎಂದು ನನಗೆ ಗೊತ್ತು.

ಆ ವಾರ ನನಗೆ ಊಟ ಸೇರಲಿಲ್ಲ. ಬಸ್ಸು ಹತ್ತಿದರೆ ನನ್ನ ಹೆಂಡತಿಯ ಆಸೆ ತೀರುತ್ತದೆ. ಅವಳ ಪರವಾಗಿ ಆ ಮರದ ಬುಡದಲ್ಲಿ ಹೂವಿಡಲು ನಾನೊಬ್ಬನೇ ಉಳಿದವನು. ಹುಣ್ಣಿಮೆಯ ದಿನ ಅವಳ ಬದಲು ನಾನೇ ವಿಹಾರಕ್ಕೆ ಹೋಗಿ, ವಾಪಸ್ಸು ಬರುವಾಗ ಹಲಸೂರು ಕೆರೆಯ ಹತ್ತಿರ ಇಳಿದು ಕೂತೆ. ಕೆರೆಯ ಕಟ್ಟೆಯ ಮೇಲೆ ಒಬ್ಬ ತಾಯಿ ಮಗಳ ಜಡೆ ಹೆಣೆಯುತ್ತಿದ್ದಳು. ಆಗ ನನಗೆ ಹೊಳೆದದ್ದು ಇಷ್ಟು. ನಾವೆಲ್ಲ ಅತ್ತೆವು. ಮಗಳು ನನ್ನ ಹೆಗಲ ಮೇಲೆ ಅತ್ತಳು, ಕೇರಿಯ ಹೆಂಗಸರು ಬಂದು ಅತ್ತರು. ಮೊಮ್ಮಗಳಿಗೆ ಮಾತ್ರ ಅಜ್ಜಿಗಾಗಿ ಅಳಲು ಪಕ್ಕದಲ್ಲಿ ಒಂದು ಹೆಗಲು ಸಿಕ್ಕಿಲ್ಲ. ಹಿಟ್ಟು ನಾದುತ್ತಾ ನಿಂತಿದ್ದಾಳೆ.

"ರೈಲಿಗೆ ಬದಲಾಯಿಸು," ಎಂದೆ ಫೋನಿನಲ್ಲಿ.

"ಅಜ್ಜಿ ಬೈಯಲ್ವಾ?"

"ಬೈತಾಳೆ. ಬೈಯ್ಲಿ."

ಕೊಲಂಬೊದ ಬಂದರಿನಲ್ಲಿ ಬೆಳಿಗ್ಗೆ ಎರಡು ಸಾಲುಗಳಿದ್ದವು. ವಿಹಾರದ ಸಾಲಿನಲ್ಲಿ ಬಿಳಿ ಬಟ್ಟೆಯವರೇ ಹೆಚ್ಚು. ನಾನು ಆ ಸಾಲನ್ನೇ ನೋಡುತ್ತಾ ನಿಂತೆ, ಅವರಲ್ಲಿ ಅವಳಿರಬೇಕಿತ್ತು. ಚೀಲದಲ್ಲಿ ಅವಳು ಒಂದು ಸಲವೂ ಉಡದ ಸೀರೆ ಇತ್ತು. ಬಸ್ಸಿನ ಹತ್ತಿರ ಜನರನ್ನು ಕರೆಯುತ್ತಿದ್ದ ಮಾರ್ಗದರ್ಶಿ ಯಾರ ಜೊತೆಗೋ ತಮಿಳಿನಲ್ಲಿ ಮಾತಾಡಿದ. ನಮ್ಮ ಗ್ಯಾಂಗಿನಲ್ಲಿ ಅರ್ಧ ಜನ ತಮಿಳರು, ನನಗೆ ಆ ಭಾಷೆ ಬಾಯಿಗೆ ಸುಲಭ. ಹತ್ತಿರ ಹೋಗಿ ಹೇಳಿದೆ, ತಮ್ಮಾ, ಇದು ನನ್ನ ಹೆಂಡತಿಯದು, ಅವಳು ಬರಬೇಕಿತ್ತು, ಬೋಧಿ ಮರದ ಹತ್ತಿರ ಇಟ್ಟುಬಿಡು ಎಂದು.

ಅವನು ಎರಡೂ ಕೈಯಲ್ಲಿ ಸೀರೆ ತೆಗೆದುಕೊಂಡ. "ಅಮ್ಮನ ಹೆಸರೇನು? ಅಲ್ಲಿ ಹೇಳಬೇಕಲ್ಲ," ಎಂದ.

ನಾನು ಮದುವೆಯಾದಾಗಿನಿಂದ ಅವಳನ್ನು ಹೆಸರು ಹಿಡಿದು ಕರೆದವನಲ್ಲ. ಏಯ್, ಇವಳೇ, ಕೇಳಿಸ್ತೇನೇ, ಇಷ್ಟೇ. ಆ ಬಂದರಿನಲ್ಲಿ, ಗುರುತಿಲ್ಲದ ಮನುಷ್ಯನ ಮುಂದೆ, ಅವಳ ಹೆಸರನ್ನು ಬಾಯಿ ತುಂಬ ಹೇಳಿದೆ. ಅವನು ಅದನ್ನು ಒಮ್ಮೆ ತಿರುಗಿ ಹೇಳಿ ಸರಿಯೇ ಎಂದು ಕೇಳಿದ. ಸರಿ ಎಂದೆ.

ರೈಲು ಹಳೆಯದು. ಕಿಟಕಿಗಳು ತೆರೆದಿದ್ದವು, ಉಪ್ಪುಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನಾನು ಅಭ್ಯಾಸದಂತೆ ಬಾಗಿಲ ಕಡೆಗೆ ಹೊರಟೆ. ಮೊಮ್ಮಗಳು ತೋಳು ಹಿಡಿದು ಸಮುದ್ರದ ಪಕ್ಕದ ಸೀಟಿನಲ್ಲಿ ಕೂರಿಸಿದಳು. ಒಂದು ಡಬ್ಬಿ ತೆಗೆದಳು, ಅವಳೇ ಮಾಡಿದ ಸಣ್ಣ ಬನ್ನುಗಳು. "ಅಜ್ಜಿಗೆ ಇಷ್ಟ ಅಂತ ಸೋಂಪು ಹಾಕಿದೀನಿ," ಎನ್ನುವಷ್ಟರಲ್ಲಿ ಅವಳ ಬಾಯಿ ಸೊಟ್ಟಗಾಯಿತು. ಹಣೆಯನ್ನು ನನ್ನ ಭುಜಕ್ಕೆ ಒತ್ತಿ ಅತ್ತಳು. ಎದುರು ಸೀಟಿನವರು ಕಿಟಕಿಯ ಕಡೆ ತಿರುಗಿಕೊಂಡರು. ನಾನು ಅವಳ ತಲೆ ಸವರುತ್ತಾ ಇದ್ದೆ. ಎಷ್ಟು ನಿಲ್ದಾಣ ಹೋದವೋ ತಿಳಿಯದು.

ಹಾದಿಯಲ್ಲಿ ಒಂದು ಕಡೆ ಹಳಿ ಕೆಲಸದವರು ಸಲಿಕೆ ಹಿಡಿದು ಪಕ್ಕಕ್ಕೆ ಸರಿದು ನಿಂತಿದ್ದರು. ನಾನು ಕೈ ಎತ್ತಿದೆ. ಅವರು ನೋಡಲಿಲ್ಲ, ಚಕ್ರ ನೋಡುತ್ತಿದ್ದರು. ಅವರನ್ನು ದಾಟಿ ಸ್ವಲ್ಪ ದೂರ ಹೋಗುತ್ತಲೇ ಗಾಡಿ ಕುಲುಕಿ ಎತ್ತಿ ಹಾಕಿತು. ಅಂಗಾಲು ತಾನಾಗಿ ನೆಲಕ್ಕೆ ಒತ್ತಿತು, ನಾನು ಅರ್ಧ ಎದ್ದೇಬಿಟ್ಟೆ.

ಮೊಮ್ಮಗಳು ಮುಖ ಎತ್ತದೆಯೇ ನನ್ನ ಅಂಗಿ ಹಿಡಿದಳು. "ತಾತಾ, ಕೂತ್ಕೊ. ಇದು ನಿನ್ನ ಸೆಕ್ಷನ್ ಅಲ್ಲ."

ಅದೇ ಮಾತು, ಅದೇ ಗದರಿಕೆ. ನಾನು ಕೂತೆ. ಮುಂದಿನ ನಿಲ್ದಾಣ ಬಂತು, ಹೋಯಿತು. ನಾನು ಇಳಿಯಲಿಲ್ಲ.