ಗಲಾಟೆ ಮಾಡಿದ ಜನ

ನನಗೆ ‘ಇಲ್ಲ’ ಎನ್ನಲು ಬರುವುದಿಲ್ಲ. ನಮ್ಮ ಉಡುಪಿಯ ಕಡೆ ಅದರ ಅಗತ್ಯವೂ ಬೀಳುವುದಿಲ್ಲ. ‘ನೋಡುವ’ ಎಂದರೆ ಸಾಕು. ಕೇಳಿದವರು ಕಾಫಿ ಮುಗಿಸಿ ಎದ್ದು ಹೋಗುತ್ತಾರೆ, ಆ ಮಾತು ಮತ್ತೆ ಎತ್ತುವುದಿಲ್ಲ. ರಾಟರ್‌ಡ್ಯಾಮಿನ ಪಕ್ಕದ ಈ ಸಣ್ಣ ಊರಿಗೆ ಬಂದು ಹತ್ತು ವರ್ಷವಾದರೂ (ಹನ್ನೊಂದು ಎನ್ನುತ್ತಾಳೆ ಹೆಂಡತಿ ವಸುಧಾ) ನಾನು ಅದನ್ನೇ ನೆಚ್ಚಿಕೊಂಡಿದ್ದೆ. ಹಾಗಾಗಿ ಪಕ್ಕದ ಮನೆಯ ಮರೈಕೆ ಸಹಿಯ ಹಾಳೆ ಹಿಡಿದು ಬಾಗಿಲಿಗೆ ಬಂದಾಗ, ನನಗೆ ಬರುವಷ್ಟು ಡಚ್ಚಿನಲ್ಲಿ ‘ನೋಡುವ’ ಎಂದೆ. ಅವರು ಕೋಟಿನ ಜೇಬಿನಿಂದ ಡೈರಿ ತೆಗೆದು, “ಯಾವಾಗ ನೋಡುವ? ಗುರುವಾರ ಸಂಜೆ ಏಳೂವರೆ ಆದೀತೇ?” ಎಂದರು.

ಮರೈಕೆ ನಿವೃತ್ತ ಜೀವಶಾಸ್ತ್ರದ ಟೀಚರು. ಅವರ ಬೇಡಿಕೆ ಸರಳ. ಊರಿನ ನಿಯಮಗಳನ್ನು ನಗರಸಭೆಯವರು ಮಾತ್ರ ಬರೆದರೆ ಸಾಲದು; ನಿವಾಸಿಗಳೂ ಒಂದು ನಿಯಮ ಬರೆದು, ಅದಕ್ಕೆ ಸಾಕಷ್ಟು ಸಹಿ ಕೂಡಿಸಿದರೆ, ಊರವರೆಲ್ಲ ಮತ ಹಾಕಿ ತೀರ್ಮಾನಿಸಬೇಕು. ಇದಕ್ಕಾಗಿ ಎರಡು ಚಳಿಗಾಲ ಮನೆಮನೆಯ ಬಾಗಿಲು ತಟ್ಟಿದ್ದಾರೆ. ಸೋಮವಾರ ಹಾಳೆಗಳನ್ನು ಒಪ್ಪಿಸಬೇಕು; ಸಹಿ ಸಾಲದಿದ್ದರೆ ಎಲ್ಲ ಮೊದಲಿನಿಂದ.

ನಾನಾದರೋ ಓದಿದವನು, ಅಂದರೆ ಅನುಮಾನ ಪಡುವುದನ್ನು ಕಲಿತವನು. ಸೈಕಲ್ಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಸ್ಟೇಷನ್ನಿಗೆ ಎರಡು ಸಲ ವಾಪಸು ಹೋಗುವ ನನ್ನಂಥವರ ಕೈಗೆ ಕಾನೂನು ಕೊಡುವುದೇ? ದೇಶದ ಮಟ್ಟದಲ್ಲೂ ಇಲ್ಲಿ ಒಮ್ಮೆ ಜನರ ಅಭಿಪ್ರಾಯ ಕೇಳುವ ಕಾಯಿದೆ ಇತ್ತು, ಆಮೇಲೆ ತೆಗೆದುಹಾಕಿದರು. ಯಾವ ವರ್ಷ ಎಂದು ಕೇಳಬೇಡಿ. ಆದರೆ ಈ ದೇಶ ನಿಂತಿರುವುದೇ ಒಟ್ಟಿಗೆ ಕೂತು ಮಾತಾಡಿದ್ದರಿಂದ. ನೀರಿನ ಎಂಜಿನಿಯರಿಂಗ್ ಕಲಿಯಲು ಡೆಲ್ಫ್ಟಿಗೆ ಬಂದಾಗ ಓದಿದ್ದೆ: ಯಾವ ಕಾಲದಲ್ಲೋ ಇಲ್ಲಿನ ರೈತರು ತಾವೇ ಸಭೆ ಸೇರಿ, ಒಡ್ಡು ಎಲ್ಲಿ, ದುರಸ್ತಿ ಯಾರದು ಎಂದು ನಿರ್ಧರಿಸುತ್ತಿದ್ದರಂತೆ. ಒಡ್ಡು ಒಡೆದರೆ ನೀರು ಎಲ್ಲರ ಮನೆಗೂ ಬರುತ್ತದಲ್ಲ!

ಗುರುವಾರ ಏಳೂವರೆಗೆ ಸರಿಯಾಗಿ ಬೆಲ್ ಆಯಿತು. ನಾನು ಪುರಾವೆ ಸಿದ್ಧ ಮಾಡಿಕೊಂಡಿದ್ದೆ. “ನಮ್ಮ ಬೀದಿಯ ಸಭೆ ನೆನಪಿದೆಯೇ? ಒಂದು ಕಾರು ನಿಲ್ಲಿಸುವ ಜಾಗ ತೆಗೆದು ಮರ ನೆಡುವ ಮಾತು ಬಂದಾಗ ಜನ ಎಷ್ಟು ಗಲಾಟೆ ಮಾಡಿದರು! ಇವತ್ತು ಅದೇ ಮರದ ನೆರಳಲ್ಲಿ ಕೂರುತ್ತಾರೆ. ತಮಗೆ ಏನು ಬೇಕೆಂದೇ ತಿಳಿಯದವರು ಕಾನೂನು ಬರೆಯುತ್ತಾರೆಯೇ?”

ಮರೈಕೆ ಚೀಲದಿಂದ ಒಂದು ಫೈಲು ತೆಗೆದರು. ಆ ಸಭೆಯ ವರದಿ ಬರೆದವರೇ ಅವರಂತೆ. ಕನ್ನಡಕ ಏರಿಸಿ ಓದಿದರು: “ಮರ ಬೇಡ ಎಂದವರು, ಒಬ್ಬರು.” ಕೆಳಗೆ ಆ ಒಬ್ಬರ ಹೆಸರಿತ್ತು. ನನ್ನದು.

“ಸಾಧ್ಯವೇ ಇಲ್ಲ,” ಎಂದೆ.

“ಗಲಾಟೆ ಮಾಡಿದ ಜನ ನೀವೇ ಮಾರಾಯ್ರೆ!” ಎಂದಳು ವಸುಧಾ, ಚಹಾದ ಟ್ರೇ ಇಡುತ್ತ. “ಎಲೆ ಬಿದ್ದು ಚರಂಡಿ ಕಟ್ತದೆ ಅಂತ ಇಪ್ಪತ್ತು ನಿಮಿಷ ಭಾಷಣ. ನಂಗೆ ನಾಚಿಕೆಯಾಗಿ ಹೊರಗೆ ಹೋಗಿ ನಿಂತಿದ್ದೆ.”

ನನ್ನ ತಲೆಯಲ್ಲಿ ಇಷ್ಟು ದಿನ ಕೂಗಾಡುತ್ತಿದ್ದ ಗುಂಪು ಕರಗಿ ಒಬ್ಬನೇ ಉಳಿದ. ಸೋತೆ ಎಂದುಕೊಳ್ಳುವಷ್ಟರಲ್ಲಿ ಮರೈಕೆ ಪುಟ ತಿರುಗಿಸಿದರು. ನನ್ನ ಆಕ್ಷೇಪ ಅಲ್ಲಿ ಪೂರ್ತಿಯಾಗಿ, ನಾನು ಹೇಳಿದ್ದಕ್ಕಿಂತ ಚೆನ್ನಾಗಿಯೇ ದಾಖಲಾಗಿತ್ತು. ಅದರ ಮುಂದೆ ಸಭೆಯ ತೀರ್ಮಾನ: ‘ಮರ ನೆಡುವುದು. ಚರಂಡಿಗೆ ಎಲೆ ತಡೆಯುವ ಜಾಲರಿ ಹಾಕಿಸುವುದು.’ ಆ ಜಾಲರಿಯನ್ನು ನಾನು ದಿನವೂ ದಾಟಿ ಹೋಗುತ್ತೇನೆ. ಅದು ನನ್ನ ಮಾತಿನಿಂದ ಬಂದದ್ದು ಎಂದು ಗೊತ್ತೇ ಇರಲಿಲ್ಲ.

“ಯಾರ ನೆನಪನ್ನೂ ನಂಬಬೇಡಿ,” ಎಂದರು ಮರೈಕೆ. “ನನ್ನದನ್ನೂ. ಅದಕ್ಕೇ ಮೊದಲು ಬರೆಯುವುದು, ಬೇಡ ಎನ್ನುವವರ ಮಾತನ್ನೂ ಬರೆಯುವುದು, ಎಲ್ಲರಿಗೂ ಓದಲು ಕೊಡುವುದು, ಆಮೇಲೆ ಮತ.”

ಒಬ್ಬನೇ ನಿಂತು ಬೇಡ ಎಂದವನಿಗೂ ಒಂದು ಜಾಲರಿ ಕೊಟ್ಟ ಊರು ಇದು. ಸಹಿ ಹಾಕಿದೆ. ಇನ್ನೂ ಹನ್ನೆರಡು ಸಹಿ ಬೇಕು ಎಂದು ಮರೈಕೆ ಮೆಲ್ಲಗೆ ಹೇಳಿದಾಗ ಒಂದು ಖಾಲಿ ಹಾಳೆಯನ್ನೂ ಇಸಿದುಕೊಂಡೆ.

ಶುಕ್ರವಾರ ಸಂಜೆ ಹಿಂದಿನ ಬೀದಿಯ ಗೆಳೆಯ, ಮಂಗಳೂರಿನ ದಿನೇಶನ ಮನೆಗೆ ಹೋದೆ. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಎರಡನೇ ಸಲ ಕಾಫಿ ಹಾಕಿ, ಪ್ರೀತಿಯಿಂದ “ನೋಡುವ ಮಾರಾಯ” ಎಂದ.

ನಾನು ಜೇಬಿನಿಂದ ಡೈರಿ ತೆಗೆದೆ.