ದೊಡ್ಡಪ್ಪನ ಹೊಲದ ಅಡ್ಡದಾರಿ

ದೊಡ್ಡಪ್ಪ ಹೊಟ್ಟೆಕಿಚ್ಚಿಗೆ ದಾರಿ ಮುಚ್ಚಿದರು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೊಟ್ಟೆಕಿಚ್ಚಿನವರು ಹಗ್ಗ ಹಿಡಿದು ದಾರಿ ಬಿಡಿಸಿ ಕೊಡುತ್ತಾರೆಯೇ?

ವಿಷಯ ಇಷ್ಟು. ಪುರವರದ ಹತ್ತಿರ ನಮ್ಮ ಮನೆಗೂ ಟಾರು ರಸ್ತೆಗೂ ನಡುವೆ ದೊಡ್ಡಪ್ಪನ ಹೊಲ. ಅಮ್ಮ ಮಧುಗಿರಿ ಕಡೆಯ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೆಳಗ್ಗೆ ಕಂಪನಿ ವ್ಯಾನು ಆ ರಸ್ತೆಗೆ ಬರುತ್ತದೆ, ಯಾರಿಗೂ ಕಾಯುವುದಿಲ್ಲ. ಹೊಲದ ಈ ಮೂಲೆಯಿಂದ ಆ ಮೂಲೆಗೆ ಹಾದ ಕಾಲುದಾರಿಯಲ್ಲಿ ನಡೆದರೆ ವ್ಯಾನು ಸಿಗುತ್ತದೆ. ಬದುವಿನ ಮೇಲೆ ಸುತ್ತಿ ಹೋದರೆ ಅನುಮಾನ.

ಕಳೆದ ವರ್ಷ ದೊಡ್ಡಪ್ಪ ಹೊಲ ಮಟ್ಟ ಮಾಡಿಸಿ, ಡ್ರಿಪ್ ಪೈಪು ಎಳೆಸಿ, ಟೊಮೆಟೊ ಹಾಕಿದರು. "ಇನ್ಮೇಲೆ ಅಡ್ಡ ಬರ್ಬ್ಯಾಡಿ, ನೆಟ್ಟಗೆ ಬದು ಹಿಡ್ಕಂಡು ಹೋಗಿ" ಎಂದರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು, ಸುಮ್ಮನಿರುತ್ತೇನೆಯೇ? "ದೊಡ್ಡಪ್ಪ, ಮೂಲೆಯಿಂದ ಮೂಲೆಗೆ ಹೋಗೋದೇ ನೆಟ್ಟಗೆ. ಬದು ಹಿಡಿದ್ರೆ ಒಂದು ಕಡೆ ತಿರುಗ್ಬೇಕು. ತಿರುಗಿದ್ದು ಹೆಂಗೆ ನೆಟ್ಟಗಾಗುತ್ತೆ?"

"ದಾರಿ ಬುಟ್ಟು ಹೋಗೋದು ಅಡ್ಡ, ದಾರೀಲೇ ಹೋಗೋದು ನೆಟ್ಟಗೆ. ಅಷ್ಟೂ ಗೊತ್ತಿಲ್ದೆ ಕಪ್ ಹೆಂಗೆ ಗೆದ್ದೆ ಕಣಮ್ಮ?"

"ತ್ರಿಭುಜದ ಎರಡು ಬಾಹು ಸೇರಿದ್ರೆ ಮೂರನೇದಕ್ಕಿಂತ ಉದ್ದ. ಇದು ಸುಳ್ಳಾ?"

"ಸುಳ್ಳಲ್ಲ ಬುಡು. ಆದ್ರೆ ನಿಮ್ ದಾರಿ ಎಲ್ಲಿ ನೆಟ್ಟಗೈತೆ? ನಡೂಮಧ್ಯ ಡೊಂಕು!"

ಅದು ನಿಜ. ಹೊಲದ ನಡುವೆ ಮೊದಲು ಒಂದು ಹುತ್ತವಿತ್ತು, ಕಾಲುದಾರಿ ಅದನ್ನು ಬಳಸಿಕೊಂಡು ಹೋಗುತ್ತಿತ್ತು. ಮಟ್ಟ ಮಾಡಿಸುವಾಗ ದೊಡ್ಡಪ್ಪ ಪೂಜೆ ಮಾಡಿಸಿ ಹುತ್ತವನ್ನೂ ತೆಗೆಸಿದ್ದರು. "ಈಗ ಹುತ್ತ ಇಲ್ವಲ್ಲ, ಹಗ್ಗ ಹಿಡಿದಂಗೆ ಒಂದು ಗೀಟು ಕೊಡಿ, ಒಬ್ಬರು ನಡೆಯುವಷ್ಟು ಸಾಕು" ಎಂದೆ. ಅವರು ನಕ್ಕರು. ಗೂಟ ಹೊಡೆದು, ಮೂಲೆಯಿಂದ ಮೂಲೆಗೆ ಹಗ್ಗ ಕಟ್ಟಿ, ಅಷ್ಟಗಲ ಸಸಿ ಕಿತ್ತು, ಪೈಪನ್ನು ಮಣ್ಣೊಳಗೆ ಹೂತರು. "ಗೀಟು ದಾಟಿದ್ರೆ ಮುಳ್ಳಾಕ್ತೀನಿ, ನೋಡು" ಎಂದರು.

ವಾದ ಗೆದ್ದೆ ಎಂದುಕೊಂಡು ಮರುದಿನ ಬೆಳಗ್ಗೆ ಅಮ್ಮನ ಹಿಂದೆಯೇ ನಡೆದೆ. ಅರ್ಧ ದಾರಿ ಸರಿಯಾಗಿ ಹೋದ ಅಮ್ಮ, ಹುತ್ತವಿದ್ದ ಜಾಗ ಬರುತ್ತಲೇ ಬಲಕ್ಕೆ ಸರಿದು, ಸಸಿಗಳ ಮೇಲೆ ಕಾಲಿಟ್ಟು, ಬಳಸಿಕೊಂಡು ಮತ್ತೆ ಗೀಟಿಗೆ ಬಂದಳು. ವ್ಯಾನಿಗೆಂದು ಬರುತ್ತಿದ್ದ ಉಳಿದ ಹೆಂಗಸರೂ ಹಾಗೆಯೇ.

"ಅಮ್ಮ, ಅಲ್ಲೇನೈತೆ ಅಂತ ಸುತ್ತುತೀಯ?"

"ಏನೂ ಇಲ್ಲ. ಕಾಲು ಹೋಗಲ್ಲ ಕಣೆ. ನಡಿ, ವ್ಯಾನು ಬತ್ತದೆ."

ಅಲ್ಲಿನ ಸಸಿಗಳು ಸತ್ತವು, ಪೈಪು ಒಡೆಯಿತು. ದೊಡ್ಡಪ್ಪ ಎರಡೂ ತುದಿಗೆ ಜಾಲಿ ಮುಳ್ಳು ಹಾಕಿದರು. ಹೇಳಿದ್ದನ್ನೇ ಮಾಡಿದರು, ಅಷ್ಟೇ.

ಈಗ ಅಮ್ಮ ಬದುವಿನ ಮೇಲೆ ಓಡುತ್ತಾಳೆ. ಆದರೂ ಕಳೆದ ವಾರ ವ್ಯಾನು ತಪ್ಪಿತು. ಇನ್ನೊಮ್ಮೆ ತಪ್ಪಿದರೆ ಕೆಲಸಕ್ಕೆ ಬರಲೇಬೇಡ ಎಂದು ಸೂಪರ್‌ವೈಸರ್ ಹೇಳಿದ್ದಾನೆ. ಅಂದು ಸಂಜೆ ಮುಳ್ಳಿನ ಈಚೆ ನಿಂತು ದೊಡ್ಡಪ್ಪನನ್ನು ಕೂಗಿದೆ. ಮೋಟಾರು ಆಫ್ ಮಾಡಿ ಬಂದರು.

"ಗೀಟು ಮೀರಿದೋರು ನೀವು. ಈಗೇನು ವಾದ?"

"ಮೀರಿದ್ದು ನಿಜ, ಒಪ್ಕೊಂಡೆ. ಒಂದೇ ಒಂದು ಮಾತು ಹೇಳಿ ದೊಡ್ಡಪ್ಪ. ಹುತ್ತ ತೆಗೆಸಿದ ಮೇಲೆ, ಆ ಜಾಗದ ಮೇಲೆ ನೀವು ಒಂದು ಸಲವಾದ್ರೂ ಕಾಲಿಟ್ಟಿದ್ದೀರಾ?"